ಮುಗಿದ ಯುದ್ಧ, ಮುಗಿಯದ ಕಾನೂನು

ಪತ್ರ: "ಮೊದಲ ಮಹಾಯುದ್ಧ ಮುಗಿದು ನೂರು ವರ್ಷ ದಾಟಿತು. ಕಳೆದ ಸಂಚಿಕೆಯಲ್ಲಿ ಮತ್ತೆ ಅದನ್ನೇ ಕೆದಕಿದ್ದೀರಿ. ಆ ಯುದ್ಧದಿಂದ ನಾಲ್ಕು ಸಾಮ್ರಾಜ್ಯಗಳು ಉರುಳಿದವು, ಹೆಣ್ಣುಮಕ್ಕಳಿಗೆ ಮತದ ಹಕ್ಕು ಬಂತು, ವೈದ್ಯಕೀಯ ಮುಂದುವರಿಯಿತು. ಅದನ್ನೆಲ್ಲ ಬಿಟ್ಟು ಬರೀ ಗೋಳೇಕೆ? ಸತ್ತ ಯುದ್ಧವನ್ನು ಮಲಗಲು ಬಿಡಿ."
(ಒಬ್ಬ ನಿವೃತ್ತ ಅಧ್ಯಾಪಕರು)

ಉತ್ತರ: ಮೇಷ್ಟ್ರೇ, ನಿಮ್ಮ ಪಟ್ಟಿಯಲ್ಲಿ ಸುಳ್ಳೇನಿಲ್ಲ. ಬ್ರಿಟನ್ನಿನಲ್ಲಿ ಮೂವತ್ತು ದಾಟಿದ, ಆಸ್ತಿಯ ಅರ್ಹತೆಯಿದ್ದ ಹೆಂಗಸರಿಗೆ 1918ರಲ್ಲಿ ಮತ ಸಿಕ್ಕಿತು. ರಕ್ತ ಕೂಡಿಡುವ ವಿದ್ಯೆಯೂ ರಣರಂಗದಲ್ಲೇ ಪಳಗಿತು. ಒಪ್ಪಿದೆ. ಆದರೆ ನ್ಯೂಜಿಲೆಂಡ್ 1893ರಲ್ಲೇ ಒಂದು ಗುಂಡೂ ಹಾರಿಸದೆ ಹೆಂಗಸರಿಗೆ ಮತ ಕೊಟ್ಟಿತ್ತು ಎಂಬುದನ್ನು ನೀವು ಜಾಣತನದಿಂದ ಮರೆತಿದ್ದೀರಿ.

ಅಷ್ಟಕ್ಕೂ ಆ ಯುದ್ಧ ಸತ್ತಿದೆ ಎಂದು ನಿಮಗೆ ಹೇಳಿದವರು ಯಾರು? ಬೆಲ್ಜಿಯಂನ ಈಪ್ರ ಸುತ್ತಲಿನ ಹೊಲಗಳಲ್ಲಿ ಇವತ್ತಿಗೂ ನೇಗಿಲಿಗೆ ತುಕ್ಕು ಹಿಡಿದ ಶೆಲ್ಲುಗಳು ಸಿಗುತ್ತವೆ. ಅದಕ್ಕೆ ಅವರಿಟ್ಟ ಹೆಸರು ಕಬ್ಬಿಣದ ಸುಗ್ಗಿ. ರೈತ ಶೆಲ್ಲನ್ನು ಹೊಲದಂಚಿಗೆ ತಂದಿಟ್ಟು ಫೋನು ಮಾಡುತ್ತಾನೆ, ಸೇನೆಯವರು ಬಂದು ಒಯ್ಯುತ್ತಾರೆ. ಒಳಗಿರುವುದು ಸಿಡಿಮದ್ದೋ ವಿಷಾನಿಲವೋ ಹೊರಗಿನಿಂದ ತಿಳಿಯುವುದಿಲ್ಲ, ಎಕ್ಸ್‌ರೇ ತೆಗೆದೇ ನೋಡಬೇಕು. 2014ರಲ್ಲಿ, ಯುದ್ಧದ ಶತಮಾನೋತ್ಸವಕ್ಕೆ ಜಗತ್ತು ಹಾರ ತುರಾಯಿ ಸಿದ್ಧಮಾಡುತ್ತಿದ್ದ ವರ್ಷವೇ, ಈಪ್ರದಲ್ಲಿ ಇಂಥ ಶೆಲ್ಲೊಂದು ಸಿಡಿದು ಇಬ್ಬರು ಕಟ್ಟಡ ಕಾರ್ಮಿಕರು ಸತ್ತರು. ಜರ್ಮನಿ ಆ ಯುದ್ಧದ ಪರಿಹಾರಕ್ಕಾಗಿ ಎತ್ತಿದ ಸಾಲದ ಕೊನೆಯ ಕಂತು ತೀರಿಸಿದ್ದು 2010ರ ಅಕ್ಟೋಬರ್ 3ರಂದು. ಸತ್ತವರು ಕಂತು ಕಟ್ಟುವುದನ್ನು ನಾನಂತೂ ಕಂಡಿಲ್ಲ.

ಸಾಮ್ರಾಜ್ಯಗಳು ಉರುಳಿದ್ದನ್ನು ಲಾಭದ ಲೆಕ್ಕಕ್ಕೆ ಬರೆದಿದ್ದೀರಿ. ಉರುಳಿದ್ದು ಯಾರ ಮೇಲೆ, ಅದನ್ನೂ ನೋಡಬೇಕಲ್ಲವೇ? ಒಟ್ಟೊಮನ್ ರಾಜ್ಯದ ಅವಶೇಷದ ಮೇಲೆ 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಲೊಸಾನ್‌ನಲ್ಲಿ ಕೂತು ಜನರನ್ನೇ ಅದಲುಬದಲು ಮಾಡಿಕೊಂಡವು. ಅಳತೆಗೋಲು ಧರ್ಮ ಒಂದೇ. ಟರ್ಕಿ ಭಾಷೆ ಬಿಟ್ಟು ಬೇರೆ ಬಾರದ ಕ್ರೈಸ್ತರು ಗ್ರೀಸಿಗೆ, ಗ್ರೀಕ್ ಮಾತಾಡುವ ಕ್ರೀಟ್ ದ್ವೀಪದ ಮುಸ್ಲಿಮರು ಟರ್ಕಿಗೆ. ಹೀಗೆ ನೆಲೆ ತಪ್ಪಿದವರು 15 ಲಕ್ಷಕ್ಕೂ ಹೆಚ್ಚು.

ಇಷ್ಟಾದರೂ ನನ್ನ ನಿಜವಾದ ತಕರಾರು ಬೇರೆಯೇ ಇದೆ. ಯುದ್ಧಕಾಲದಲ್ಲಿ ಸರ್ಕಾರ "ಇದು ಸದ್ಯಕ್ಕೆ ಮಾತ್ರ" ಎಂದು ಇಸಿದುಕೊಂಡದ್ದು ಶಾಂತಿಕಾಲದಲ್ಲಿ ಸುಲಭಕ್ಕೆ ವಾಪಸು ಬರುವುದಿಲ್ಲ. ಮದ್ದುಗುಂಡಿನ ಕಾರ್ಖಾನೆಯವರು ಕುಡಿದು ಕೆಲಸಕ್ಕೆ ಬಂದಾರೆಂದು ಬ್ರಿಟನ್ 1915ರಲ್ಲಿ ಪಬ್ಬುಗಳನ್ನು ಮಧ್ಯಾಹ್ನ ಮುಚ್ಚಿಸತೊಡಗಿತು. ಇಂಗ್ಲೆಂಡಿನ ಕುಡುಕನಿಗೆ ಆ ಮಧ್ಯಾಹ್ನ ಮರಳಿ ಸಿಕ್ಕಿದ್ದು 1988ರಲ್ಲಿ! ನಗಬೇಡಿ, ಪಾಸ್‌ಪೋರ್ಟಿನದೂ ಇದೇ ಕಥೆ. 1914ಕ್ಕೆ ಮೊದಲು ಪಶ್ಚಿಮ ಯುರೋಪಿನ ಬಹುಪಾಲು ಗಡಿಗಳನ್ನು ಕಾಗದಪತ್ರ ಇಲ್ಲದೆಯೇ ದಾಟಬಹುದಿತ್ತು. ಗೂಢಚಾರರ ಭಯ, ಸೇನೆಯಿಂದ ತಪ್ಪಿಸಿಕೊಳ್ಳುವವರ ಭಯ ಸೇರಿ ತಪಾಸಣೆ ಶುರುವಾಯಿತು. 1920ರಲ್ಲಿ ರಾಷ್ಟ್ರಸಂಘ (ಇಂದಿನ ವಿಶ್ವಸಂಸ್ಥೆಗೂ ಮೊದಲಿದ್ದ ದೇಶಗಳ ಕೂಟ) ಪ್ಯಾರಿಸಿನಲ್ಲಿ ಸಭೆ ಕರೆದಾಗ, ಯುದ್ಧಪೂರ್ವದ ಸ್ಥಿತಿಗೆ ಮರಳುವುದೇ ಗುರಿ, ಆದರೆ ಈಗಲೇ ಆಗದು ಎಂದರು. ಹಾಗೆಂದು ಎಲ್ಲ ದೇಶಗಳಿಗೂ ಒಂದೇ ಮಾದರಿಯ 32 ಪುಟದ ಪುಸ್ತಿಕೆಯನ್ನು ಗೊತ್ತುಮಾಡಿ ಎದ್ದುಹೋದರು. ಆ "ಈಗ" ಇನ್ನೂ ಮುಗಿದಿಲ್ಲ. ವೀಸಾ ಕಚೇರಿಯ ಸಾಲಿನಲ್ಲಿ ನಿಂತು ಬೆವರುವವರು ಶಪಿಸಬೇಕಾದ್ದು ಕಿಟಕಿಯಾಚೆಯ ಗುಮಾಸ್ತನನ್ನಲ್ಲ.

ಭಾರತಕ್ಕೆ ಸಿಕ್ಕ ಬಳುವಳಿ ಇದಕ್ಕಿಂತ ಕಟು. ಇಲ್ಲಿಂದ 10 ಲಕ್ಷಕ್ಕೂ ಹೆಚ್ಚು ಸೈನಿಕರು, ಕೂಲಿಗಳು ಹೊರನಾಡಿನ ರಣರಂಗಗಳಿಗೆ ಹೋದರು, 70 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಜನರನ್ನು ಹದ್ದಿನಲ್ಲಿಡಲು 1915ರಲ್ಲಿ ಬಂದ ಭಾರತ ರಕ್ಷಣಾ ಕಾಯಿದೆಯ ಆಯುಸ್ಸು ಯುದ್ಧ ಮುಗಿದು ಆರು ತಿಂಗಳವರೆಗೆ ಮಾತ್ರ. ಅದು ತೀರುವ ಮೊದಲೇ, 1919ರ ಮಾರ್ಚಿನಲ್ಲಿ, ವಿಚಾರಣೆಯಿಲ್ಲದೆ ಜನರನ್ನು ಕೂಡಿಹಾಕುವ ಅದೇ ಅಧಿಕಾರಗಳನ್ನು ಉಳಿಸಿಕೊಳ್ಳಲು ರೌಲತ್ ಕಾಯಿದೆ ಬಂತು. ಏಪ್ರಿಲ್ 13ರಂದು ಜಲಿಯನ್‌ವಾಲಾಬಾಗ್.

ರೌಲತ್ 1922ರಲ್ಲಿ ರದ್ದಾಯಿತು ಎಂದು ನೀವು ನೆನಪಿಸುತ್ತೀರಿ, ಗೊತ್ತು. ಆದರೆ ಭಾರತ ರಕ್ಷಣಾ ಕಾಯಿದೆ ಅದೇ ಹೆಸರಿನಲ್ಲಿ 1939ರಲ್ಲಿ ಮರಳಿತು. ಬಿಳಿಯರು ಹೋದ ಮೇಲೆ 1962ರಲ್ಲಿ, ಮತ್ತೆ 1971ರಲ್ಲಿ! ಚೀನಾದೊಂದಿಗಿನ ಕಾಳಗ ನಡೆದದ್ದು ಒಂದು ತಿಂಗಳು. ಅದಕ್ಕಾಗಿ ಸಾರಿದ ತುರ್ತುಸ್ಥಿತಿಯನ್ನು ಹಿಂತೆಗೆದುಕೊಂಡದ್ದು 1968ರ ಜನವರಿಯಲ್ಲಿ. ನಮ್ಮವರು ಆಳಿದರೂ ಬೀಗ ಹಳೆಯದೇ.

ತಪ್ಪು ನಿಮ್ಮದೊಬ್ಬರದೇ ಅಲ್ಲ. ನಮ್ಮ ಪಠ್ಯಪುಸ್ತಕಗಳು ಯುದ್ಧವನ್ನು ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಮೂರು ಡಬ್ಬಿಗೆ ತುಂಬಿ, ವರ್ಸೇಲ್ಸ್ ಒಪ್ಪಂದದ ಇಸವಿ ಕೇಳಿ ಅಂಕ ಕೊಟ್ಟು ಮುಚ್ಚಳ ಹಾಕುತ್ತವೆ. ಆ ಉತ್ತರಪತ್ರಿಕೆಗಳನ್ನು ತಿದ್ದಿ ಸುಸ್ತಾದವರು ನೀವು, ನಿಮಗೆ ನಾನು ಹೇಳಬೇಕಿಲ್ಲ. ಪಾಸ್‌ಪೋರ್ಟೇ ಇಲ್ಲದೆ ಉಳಿದುಹೋದ ರಷ್ಯನ್ನರಿಗೆ 1922ರಲ್ಲಿ ಕೊಟ್ಟ ನಾನ್‌ಸೆನ್ ಪತ್ರದ ಕಥೆ ಇನ್ನೂ ಬಾಕಿಯಿದೆ, ಬರುವ ಸಂಚಿಕೆಯಲ್ಲಿ ಅದನ್ನೂ ಕೆದಕಲಿದ್ದೇನೆ. ಸಿಟ್ಟಿನಲ್ಲಿ ಚಂದಾ ಮಾತ್ರ ನಿಲ್ಲಿಸಬೇಡಿ.