ಡಿಶ್ ಇದ್ದೂ ಸಿಗದ ನಮ್ಮೂರ ಎಚ್‌ಡಿ ವಾಹಿನಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಡಿಟಿಎಚ್, ಅಂದರೆ ಉಪಗ್ರಹದಿಂದ ನೇರವಾಗಿ ಮನೆಯ ಡಿಶ್‌ಗೆ ಬರುವ ಟಿವಿ ಸೇವೆ, ಕುರಿತ ಪ್ರಶ್ನೆಗಳೇ ಹೆಚ್ಚಾಗಿದ್ದವು. ಒಂದೇ ಬಗೆಯವನ್ನು ಕೂಡಿಸಿ, ಆಯ್ದ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾವು ಹೊಸದಾಗಿ 43 ಇಂಚಿನ ಟಿವಿ ಕೊಂಡು, ಎಚ್‌ಡಿ ಸೆಟ್‌ಟಾಪ್ ಬಾಕ್ಸನ್ನೂ ಹಾಕಿಸಿಕೊಂಡೆವು. ಆದರೂ ಕನ್ನಡ ಧಾರಾವಾಹಿಗಳು ಮೊದಲಿನಂತೆಯೇ ಮಸುಕಾಗಿ ಕಾಣುತ್ತವೆ. ಬಾಕ್ಸಿನಲ್ಲಿ ದೋಷವಿದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ದೋಷವಿರುವ ಸಂಭವ ಕಡಿಮೆ. ಎಚ್‌ಡಿ ಬಾಕ್ಸ್ ಎಂಬುದು ಎಚ್‌ಡಿ ಚಿತ್ರವನ್ನು ಸ್ವೀಕರಿಸಬಲ್ಲ ಸಾಧನವೇ ಹೊರತು, ಸಾಧಾರಣ ಚಿತ್ರವನ್ನು ಎಚ್‌ಡಿಯಾಗಿ ಮಾರ್ಪಡಿಸುವ ಸಾಧನವಲ್ಲ. ನಮ್ಮಲ್ಲಿ ಒಂದೇ ವಾಹಿನಿಯ ಸಾಧಾರಣ ರೂಪ ಮತ್ತು ಎಚ್‌ಡಿ ರೂಪಗಳು ಎರಡು ಬೇರೆ ಬೇರೆ ವಾಹಿನಿಗಳಂತೆ, ಬೇರೆ ಸಂಖ್ಯೆಗಳಲ್ಲಿ ಮತ್ತು ಬೇರೆ ಬೆಲೆಗಳಲ್ಲಿ ಸಿಗುತ್ತವೆ. ಸಾಧಾರಣ ಚಿತ್ರದಲ್ಲಿ ಅಡ್ಡಸಾಲಿಗೆ 720, ಉದ್ದಸಾಲಿಗೆ 576 ಚುಕ್ಕೆಗಳಿದ್ದರೆ, ಎಚ್‌ಡಿಯಲ್ಲಿ ಅವು 1920 ಮತ್ತು 1080. ಗುಣಿಸಿ ನೋಡಿದರೆ ಸರಿಯಾಗಿ ಐದು ಪಟ್ಟು. ಹಳೆಯ ಚಿಕ್ಕ ಟಿವಿಯಲ್ಲಿ ಕಣ್ಣಿಗೆ ಬೀಳದಿದ್ದ ಈ ಅಂತರ 43 ಇಂಚಿನ ಪರದೆಯಲ್ಲಿ ಎದ್ದು ಕಾಣುತ್ತದೆ.

ಆದ್ದರಿಂದ ಮೊದಲು ನಿಮ್ಮ ಪ್ಯಾಕ್‌ನಲ್ಲಿ ಕನ್ನಡದ ಎಚ್‌ಡಿ ವಾಹಿನಿಗಳು ಇವೆಯೇ ಎಂದು ನೋಡಿರಿ. ಮನರಂಜನಾ ವಾಹಿನಿಗಳ ಪೈಕಿ ಉದಯ, ಜೀ ಕನ್ನಡ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಎಚ್‌ಡಿ ರೂಪದಲ್ಲಿಯೂ ಬಂದಿವೆ. ಕನ್ನಡ ಸುದ್ದಿ ವಾಹಿನಿಗಳು ಬಹುತೇಕ ಸಾಧಾರಣ ರೂಪದಲ್ಲಿಯೇ ಉಳಿದಿವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, 2017ರ ದರ ನಿಯಮಗಳು 2019ರ ಫೆಬ್ರವರಿ 1ರಿಂದ ಜಾರಿಗೆ ಬಂದ ಮೇಲೆ ಯಾವ ವಾಹಿನಿಯನ್ನಾದರೂ ಬಿಡಿಯಾಗಿ ಕೇಳಿ ಪಡೆಯುವ ಹಕ್ಕು ವೀಕ್ಷಕರಿಗಿದೆ. ಪ್ರತಿ ಪಾವತಿ ವಾಹಿನಿಯ ಬೆಲೆ ಟಿವಿ ಪರದೆಯ ಕಾರ್ಯಕ್ರಮ ಪಟ್ಟಿಯಲ್ಲಿಯೇ ಕಾಣಬೇಕೆಂಬುದೂ ನಿಯಮ. ಒಂದೇ ವಾಹಿನಿಯ ಎರಡೂ ರೂಪಗಳನ್ನು ಒಂದೇ ಬುಕೆಯಲ್ಲಿ, ಅಂದರೆ ಒಟ್ಟಾಗಿ ಮಾರುವ ವಾಹಿನಿಗಳ ಗುಚ್ಛದಲ್ಲಿ, ಸೇರಿಸಿ ಮಾರುವಂತಿಲ್ಲ. ಹೀಗಿದ್ದರೂ ಹಲವರು ಹಳೆಯ ಬುಕೆಯನ್ನು ಹಾಗೆಯೇ ಇಟ್ಟುಕೊಂಡು ಅದರ ಮೇಲೆ ಎಚ್‌ಡಿಯನ್ನು ಬಿಡಿಯಾಗಿ ಸೇರಿಸುತ್ತಾರೆ. ಒಂದೇ ಧಾರಾವಾಹಿಗೆ ಎರಡು ಸಲ ಹಣ ಕಟ್ಟುತ್ತಾರೆ. ಇದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಎಚ್‌ಡಿ ವಾಹಿನಿಗಳಿರುವ ಬುಕೆಗೆ ಬದಲಾಯಿಸಿಕೊಂಡು ಹಳೆಯದನ್ನು ತೆಗೆಸಿಬಿಡಿ. ಕಂಪನಿಯು ವಾಹಿನಿಗಳ ಸಂಖ್ಯೆಗೆ ತಕ್ಕಂತೆ ಮೂಲ ಶುಲ್ಕ ವಿಧಿಸುತ್ತಿದ್ದರೆ, ಆ ಲೆಕ್ಕದಲ್ಲಿ ಒಂದು ಎಚ್‌ಡಿ ವಾಹಿನಿಯು ಎರಡು ಸಾಧಾರಣ ವಾಹಿನಿಗಳಿಗೆ ಸಮ ಎಂಬುದನ್ನೂ ನೆನಪಿನಲ್ಲಿಡಿ.

ವಾಹಿನಿ ಎಚ್‌ಡಿಯದೇ ಆಗಿದ್ದೂ ಚಿತ್ರ ಮಸುಕಾಗಿದ್ದರೆ ಬಾಕ್ಸಿನ ಹಿಂಬದಿಯನ್ನು ನೋಡಿರಿ. ಕೆಂಪು, ಬಿಳಿ, ಹಳದಿ ಬಣ್ಣದ ಹಳೆಯ ವೈರು ಎಚ್‌ಡಿ ಚಿತ್ರವನ್ನು ಸಾಗಿಸಲಾರದು. ಎಚ್‌ಡಿಎಂಐ ಕೇಬಲನ್ನೇ ಬಳಸಬೇಕು.

ಪ್ರಶ್ನೆ: ಕೇಬಲ್ ತೆಗೆಸಿ ಡಿಶ್ ಹಾಕಿಸಿದ ಮೇಲೆ ನಮ್ಮೂರಿನ ಸುದ್ದಿ, ಯಕ್ಷಗಾನ, ಜಾತ್ರೆ, ತುಳು ನಾಟಕಗಳನ್ನು ತೋರಿಸುತ್ತಿದ್ದ ಸ್ಥಳೀಯ ವಾಹಿನಿಗಳು ಮನೆಯಿಂದಲೇ ಮಾಯವಾದವು. ನೂರಾರು ವಾಹಿನಿ ತರುವ ಉಪಗ್ರಹಕ್ಕೆ ಇವನ್ನು ತರುವುದು ಏಕೆ ಸಾಧ್ಯವಿಲ್ಲ?
— ಹಿರಿಯ ಓದುಗರು, ಮಂಗಳೂರು

ಉತ್ತರ: ನಿಮ್ಮ ಪ್ರಶ್ನೆಯೇ ಈ ಅಂಕಣದ ಹೃದಯ. ಡಿಟಿಎಚ್ ಉಪಗ್ರಹಗಳು ಸಮಭಾಜಕ ವೃತ್ತದ ನೇರಕ್ಕೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನೆಲೆಗೊಂಡು, ಇಡೀ ದೇಶವನ್ನು ಒಂದೇ ಕಿರಣದಿಂದ ಆವರಿಸುತ್ತವೆ. ಮಂಗಳೂರಿನ ವಾಹಿನಿಯನ್ನು ಮಂಗಳೂರಿಗಷ್ಟೇ ಇಳಿಸುವ ಏರ್ಪಾಡು ಅವುಗಳಲ್ಲಿಲ್ಲ. ಬಂಟ್ವಾಳದ ಮನೆಗೆ ತಲುಪಬೇಕಾದ ಚಿತ್ರ ಲಡಾಖಿನ ಬೆಟ್ಟಗಳ ಮೇಲೂ, ಕಛ್‌ನ ಉಪ್ಪುನೆಲದ ಮೇಲೂ ಅಷ್ಟೇ ಬಲವಾಗಿ ಬೀಳುತ್ತದೆ. ಆ ಕಾರಣಕ್ಕೆ ಎರಡು ಜಿಲ್ಲೆಗಳ ವಾಹಿನಿಯೊಂದು ದೇಶವ್ಯಾಪಿ ವಾಹಿನಿಯಷ್ಟೇ ಜಾಗವನ್ನು ಹಿಡಿಯುತ್ತದೆ.

ಈ ಜಾಗವಾದರೂ ಎಷ್ಟು? 2022ರ ಜೂನ್‌ನಲ್ಲಿ ಫ್ರೆಂಚ್ ಗಯಾನಾದ ಕೌರೂದಿಂದ ಹಾರಿದ ಜಿಸ್ಯಾಟ್-24ರ ಪೂರ್ತಿ ಸಾಮರ್ಥ್ಯವನ್ನು ಟಾಟಾ ಪ್ಲೇ ಒಂದೇ ಕಂಪನಿ ಗುತ್ತಿಗೆಗೆ ಪಡೆದಿದೆ. ನಾಲ್ಕು ಟನ್ನಿಗೂ ಹೆಚ್ಚು ತೂಕದ ಆ ಉಪಗ್ರಹದಲ್ಲಿರುವುದು 24 ಟ್ರಾನ್ಸ್‌ಪಾಂಡರ್‌ಗಳು, ಅಂದರೆ ನೆಲದಿಂದ ಬಂದ ಸಂಕೇತವನ್ನು ಪಡೆದು ಮರಳಿ ಕಳುಹಿಸುವ ಸಾಧನಗಳು. ಒಂದು ಟ್ರಾನ್ಸ್‌ಪಾಂಡರ್‌ನಲ್ಲಿ ಇಂದಿನ ಸಂಕೋಚನ ತಂತ್ರದಿಂದ ಹತ್ತರ ಆಸುಪಾಸಿನಷ್ಟು ಎಚ್‌ಡಿ ವಾಹಿನಿಗಳನ್ನು ತುಂಬಬಹುದು. ಸಾಧಾರಣ ವಾಹಿನಿಗಳಾದರೆ ಅದರ ಮೂರು ನಾಲ್ಕು ಪಟ್ಟು. ಇಷ್ಟರಲ್ಲಿಯೇ ಹಿಂದಿ, ತಮಿಳು, ತೆಲುಗು, ಬಂಗಾಳಿ, ಮರಾಠಿ, ಕ್ರೀಡೆ, ಚಲನಚಿತ್ರ ಎಲ್ಲವೂ ನಡೆಯಬೇಕು. ಹೊಸ ಎಚ್‌ಡಿ ವಾಹಿನಿಯೊಂದಕ್ಕೆ ಎಡೆ ಮಾಡುವಾಗ ಕಂಪನಿ ಚಂದಾದಾರರ ತಲೆಯೆಣಿಕೆ ಮಾಡುತ್ತದೆ, ಮತ್ತು ಆ ಎಣಿಕೆಯಲ್ಲಿ ಪ್ರಾದೇಶಿಕ ವಾಹಿನಿಗಳ ಸರದಿ ಕೊನೆಗೇ ಬರುತ್ತದೆ. ಇದಲ್ಲದೆ, ಡಿಟಿಎಚ್‌ನಲ್ಲಿ ಬರುವ ಖಾಸಗಿ ವಾಹಿನಿಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಉಪಗ್ರಹ ಪ್ರಸಾರದ ಅನುಮತಿ ಬೇಕು. ಕೇಬಲ್ ನಡೆಸುವವರು ತಮ್ಮ ಜಾಲದೊಳಗೇ ತೋರಿಸುವ ವಾಹಿನಿಗಳು ಆ ಹಾದಿಯಲ್ಲಿ ಬಂದವುಗಳಲ್ಲ.

ತಂತ್ರಜ್ಞಾನದಲ್ಲಿ ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಒಂದೊಂದು ಪ್ರದೇಶದ ಮೇಲೆ ಮಾತ್ರ ಬೀಳುವ ಕಿರುಕಿರಣಗಳನ್ನು ಬಳಸಿದರೆ ಅದೇ ತರಂಗಾಂತರವನ್ನು ದೂರದ ಇನ್ನೊಂದು ಪ್ರದೇಶಕ್ಕೆ ಮತ್ತೆ ಬಳಸಬಹುದು. ಅಮೆರಿಕದ ಉಪಗ್ರಹ ಟಿವಿ ಕಂಪನಿಗಳು ಊರೂರಿನ ವಾಹಿನಿಗಳನ್ನು ಕೊಡುತ್ತಿರುವುದು ಹೀಗೆಯೇ. ಇಸ್ರೊದ ಜಿಸ್ಯಾಟ್-11ರಲ್ಲಿಯೂ ಇಂಥ ಕಿರಣಗಳಿವೆ. 2018ರಲ್ಲಿ ಹಾರಿದ ಅದನ್ನು ಅಂತರ್ಜಾಲ ಸೇವೆಗಾಗಿ ರೂಪಿಸಲಾಗಿದೆ. ಟಿವಿಗೂ ಈ ಕ್ರಮ ಬಂದರೆ ತುಳು, ಕೊಂಕಣಿ, ಕೊಡವ ಭಾಷೆಗಳ ವಾಹಿನಿಗಳಿಗೆ ಆಕಾಶದಲ್ಲಿ ನೆಲೆ ದೊರೆಯುವುದೆಂದು ನಾನು ನಂಬಿದ್ದೇನೆ. ಸದ್ಯಕ್ಕೆ ನಿಮ್ಮ ಮುಂದಿರುವ ದಾರಿ ಎರಡು: ಕೇಬಲ್ ಸಂಪರ್ಕವನ್ನು ಮರಳಿ ಪಡೆಯುವುದು, ಇಲ್ಲವೇ ಅಂತರ್ಜಾಲವಿದ್ದರೆ ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ನೀಡುವ ಸ್ಥಳೀಯ ವಾಹಿನಿಗಳನ್ನು ಟಿವಿಯಲ್ಲಿಯೇ ನೋಡುವುದು.

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರಾದಾಗಲೆಲ್ಲ ಚಿತ್ರ ಚೌಕಚೌಕವಾಗಿ ಒಡೆದು ನಿಂತುಹೋಗುತ್ತದೆ. ಪಕ್ಕದ ಮನೆಯ ಡಿಶ್ ನಡೆಯುತ್ತಿರುತ್ತದೆ. ಏನು ಮಾಡಬೇಕು?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಎಂಬ ತರಂಗಾಂತರ ಶ್ರೇಣಿಯ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು. ಇಷ್ಟು ಚಿಕ್ಕ ಅಲೆಗಳನ್ನು ದಪ್ಪ ಮಳೆಹನಿಗಳು ಹೀರುತ್ತವೆ, ಚದುರಿಸುತ್ತವೆ. ಮಲೆನಾಡಿನ ಮಳೆಯಲ್ಲಿ ಸ್ವಲ್ಪ ಹೊತ್ತು ಚಿತ್ರ ಹೋಗುವುದನ್ನು ಪೂರ್ತಿ ತಪ್ಪಿಸಲಾಗದು. ಆದರೆ ಪಕ್ಕದ ಮನೆಯ ಡಿಶ್ ನಡೆಯುತ್ತಿದ್ದು, ಎರಡೂ ಒಂದೇ ಕಂಪನಿಯವಾಗಿದ್ದರೆ, ಸರಿಪಡಿಸಬಹುದಾದ ಕೊರತೆ ನಿಮ್ಮಲ್ಲಿಯೇ ಇದೆ ಎಂದರ್ಥ. ನಮ್ಮ ಸೀಮೆಯಿಂದ ಡಿಟಿಎಚ್ ಉಪಗ್ರಹಗಳು ಹೆಚ್ಚುಕಡಿಮೆ ಆಗ್ನೇಯ ದಿಕ್ಕಿಗೆ ಬರುತ್ತವೆ. ಡಿಶ್ ಹಾಕಿಸಿದಾಗ ಗಿಡ್ಡವಾಗಿದ್ದ ಅಡಿಕೆ ಮರ ಈಗ ಆ ದಿಕ್ಕಿಗೆ ಅಡ್ಡವಾಗಿ ಬೆಳೆದಿದೆಯೇ ನೋಡಿರಿ. ಡಿಶ್‌ನ ಮುಂದೆ ಚಾಚಿದ ಕಡ್ಡಿಯ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಸೀಳಿ ನೀರು ಇಳಿದಿರುವುದು, ಕೇಬಲ್ ಸೇರುವಲ್ಲಿ ತುಕ್ಕು ಹಿಡಿದಿರುವುದು ಬಹಳ ಸಾಮಾನ್ಯ. ಬಿಸಿಲಿದ್ದ ದಿನ ಬಾಕ್ಸಿನ ಸಿಗ್ನಲ್ ಮಟ್ಟ ನೋಡಿ ಬರೆದಿಟ್ಟುಕೊಂಡು, ಮಳೆಗಾಲಕ್ಕೆ ಮುಂಚೆಯೇ ಡಿಶ್ ದಿಕ್ಕನ್ನು ಸರಿ ಮಾಡಿಸಿರಿ. ಅಷ್ಟಾದರೂ ಸಾಲದಿದ್ದರೆ 60 ಸೆಂಟಿಮೀಟರಿನ ಬದಲು 90 ಸೆಂಟಿಮೀಟರಿನ ಡಿಶ್ ಹಾಕಿಸುವುದು ಒಳ್ಳೆಯದು.

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಮನೆ ಎರಡು ನಗರಗಳ ನಡುವೆ ಇದೆ. ಹತ್ತಿರದ ನಗರದ ಎಚ್‌ಡಿ ವಾಹಿನಿಗಳನ್ನು ಕೇಳಿದರೆ ಉಪಗ್ರಹ ಟಿವಿ ಕಂಪನಿಯವರು ಕಾನೂನು ಒಪ್ಪುವುದಿಲ್ಲ ಎಂದು ದೂರದ ನಗರದವನ್ನೇ ಕೊಡುತ್ತಾರೆ. ಇದು ನಿಜವೇ?
— ಅನಿವಾಸಿ ಓದುಗರು

ಉತ್ತರ: ಬಹುಮಟ್ಟಿಗೆ ನಿಜ. ಅಲ್ಲಿ ಸ್ಥಳೀಯ ವಾಹಿನಿಯನ್ನು ಅದರದೇ ಪ್ರದೇಶದ ಚಂದಾದಾರರಿಗೆ ಉಪಗ್ರಹದ ಮೂಲಕ ಕೊಡಲು 1999ರ ಕಾನೂನು ಅವಕಾಶ ಮಾಡಿತು. ಹಾಗೆ ಒಂದು ಪ್ರದೇಶದ ಒಂದು ವಾಹಿನಿಯನ್ನು ಕೊಟ್ಟರೆ, ಕೇಳಿಕೊಂಡ ಉಳಿದ ವಾಹಿನಿಗಳನ್ನೂ ಕೊಡಬೇಕೆಂಬ ನಿಯಮ 2002ರಿಂದ ಬಂದಿತು. ಪ್ರದೇಶ ಯಾವುದೆಂಬುದನ್ನು ವೀಕ್ಷಕರ ಲೆಕ್ಕ ಇಡುವ ನೀಲ್ಸನ್ ಸಂಸ್ಥೆಯ 210 ಮಾರುಕಟ್ಟೆ ಪ್ರದೇಶಗಳ ಪಟ್ಟಿ ತೀರ್ಮಾನಿಸುತ್ತದೆ. ನಿಮ್ಮ ಕೌಂಟಿ, ಅಂದರೆ ಅಲ್ಲಿನ ಜಿಲ್ಲೆ, ಯಾವ ಪ್ರದೇಶಕ್ಕೆ ಸೇರಿದೆಯೋ ಅಲ್ಲಿನ ವಾಹಿನಿಗಳೇ ನಿಮಗೆ ಸ್ಥಳೀಯ. ರಸ್ತೆಯ ದೂರ ಈ ಲೆಕ್ಕಕ್ಕೆ ಬರುವುದಿಲ್ಲ. 2014ರ ಕಾನೂನು ಒಂದು ಬಾಗಿಲನ್ನು ತೆರೆದಿದೆ: ಗಡಿಯನ್ನು ನಿರ್ದಿಷ್ಟ ವಾಹಿನಿಯ ಮಟ್ಟಿಗೆ ಬದಲಾಯಿಸುವಂತೆ ಕೌಂಟಿ ಆಡಳಿತವು ಅಲ್ಲಿನ ಕೇಂದ್ರ ಸಂವಹನ ಆಯೋಗಕ್ಕೆ (ಎಫ್‌ಸಿಸಿ) ಅರ್ಜಿ ಸಲ್ಲಿಸಬಹುದು. ನಿಮ್ಮಂಥ ನೆರೆಹೊರೆಯವರು ಸೇರಿ ಕೌಂಟಿಯನ್ನು ಒತ್ತಾಯಿಸುವುದು ಸಾರ್ಥಕ ಕೆಲಸ.

ಅಲ್ಲಿಯವರೆಗೆ ಮನೆಯ ಮೇಲೆ ಆಂಟೆನಾ ಹಾಕಿಸಿರಿ. 2009ರ ಜೂನ್ 12ರಂದು ಅಲ್ಲಿನ ಪೂರ್ಣಶಕ್ತಿಯ ಕೇಂದ್ರಗಳೆಲ್ಲ ಡಿಜಿಟಲ್ ಆದವು. ಪ್ರಮುಖ ವಾಹಿನಿಗಳು ಎಚ್‌ಡಿಯಲ್ಲಿ, ಚಂದಾ ಇಲ್ಲದೆ, ಗೋಪುರದಿಂದ ನೇರವಾಗಿ ಬರುತ್ತವೆ. ಆಂಟೆನಾಕ್ಕೆ ಮಾರುಕಟ್ಟೆ ಪ್ರದೇಶದ ಗಡಿಯಿಲ್ಲ. ಮರುಪ್ರಸಾರದ ದರಕ್ಕಾಗಿ ವಾಹಿನಿಗೂ ಉಪಗ್ರಹ ಕಂಪನಿಗೂ ಜಗಳವಾಗಿ ವಾಹಿನಿ ಕಡಿತವಾದಾಗಲೂ ಅದು ಕೈಬಿಡುವುದಿಲ್ಲ. ನಮ್ಮ ದೇಶದಲ್ಲಿ ಗೋಪುರದಿಂದ ಟಿವಿ ಪ್ರಸಾರ ಮಾಡುವ ಅವಕಾಶ ದೂರದರ್ಶನಕ್ಕೆ ಮಾತ್ರ ಇರುವುದರಿಂದ, ಈ ಅನುಕೂಲ ಇಲ್ಲಿನ ಓದುಗರಿಗೆ ದೊರೆಯದು.

ಪ್ರಶ್ನೆ: ಪುಣೆಗೆ ವರ್ಗವಾಗಿದೆ. ಡಿಶ್ ಜೊತೆಗೆ ತಂದಿದ್ದೇನೆ. ಇಲ್ಲಿ ಕನ್ನಡ ಎಚ್‌ಡಿ ಸಿಗುತ್ತದೆಯೇ? ದೂರದರ್ಶನದ ಫ್ರೀ ಡಿಶ್ ಹಾಕಿದರೆ ಸಾಲದೇ?
— ಓದುಗರೊಬ್ಬರು, ಪುಣೆ

ಉತ್ತರ: ಸಿಗುತ್ತದೆ. ಕಿರಣ ದೇಶಕ್ಕೆಲ್ಲ ಒಂದೇ ಆಗಿರುವುದು ಮಂಗಳೂರಿನ ಓದುಗರಿಗೆ ತೊಡಕಾದರೆ ನಿಮಗೆ ಅನುಕೂಲ. ವಿಳಾಸ ಬದಲಾದಾಗ ಮರಾಠಿ ಅಥವಾ ಹಿಂದಿ ಪ್ಯಾಕ್ ತೋರಿಸುವುದು ಕಂಪನಿಯ ಮಾರಾಟ ಪದ್ಧತಿಯಷ್ಟೇ. ನಿಮ್ಮ ಕಂಪನಿಯ ಪಟ್ಟಿಯಲ್ಲಿರುವ ಕನ್ನಡ ಎಚ್‌ಡಿ ವಾಹಿನಿಗಳನ್ನು ಬಿಡಿಯಾಗಿ ಕೇಳಿರಿ. ನೀವು ಬಯಸಿದ ವಾಹಿನಿ ಆ ಪಟ್ಟಿಯಲ್ಲಿಯೇ ಇಲ್ಲದಿದ್ದರೆ ಲಿಖಿತವಾಗಿ ಬೇಡಿಕೆ ಸಲ್ಲಿಸಿ ದೂರಿನ ಸಂಖ್ಯೆ ಪಡೆಯಿರಿ. ಕೋರಿದ ವಿತರಕರಿಗೆ ತಾರತಮ್ಯವಿಲ್ಲದೆ ವಾಹಿನಿ ಕೊಡಲೇಬೇಕೆಂಬ ನಿಯಮ ಪ್ರಸಾರಕರ ಮೇಲಿರುವುದರಿಂದ, ವಾಹಿನಿಯವರು ಕೊಡುತ್ತಿಲ್ಲ ಎಂಬ ಉತ್ತರವನ್ನು ಸುಲಭವಾಗಿ ಒಪ್ಪಬೇಡಿ. ಫ್ರೀ ಡಿಶ್‌ಗೆ ತಿಂಗಳ ಚಂದಾ ಇಲ್ಲ, ಅದರಲ್ಲಿ ಚಂದನ ವಾಹಿನಿ ಬರುತ್ತದೆ. ಆದರೆ ಮೇಲೆ ಹೇಳಿದ ಕನ್ನಡದ ನಾಲ್ಕು ಎಚ್‌ಡಿ ವಾಹಿನಿಗಳು ಪಾವತಿ ವಾಹಿನಿಗಳಾದ್ದರಿಂದ ಅವುಗಳಿಗೆ ನಿಮ್ಮ ಈಗಿನ ಸಂಪರ್ಕವನ್ನೇ ಉಳಿಸಿಕೊಳ್ಳಬೇಕು. ಹೊಸ ಮನೆಯಲ್ಲಿ ಡಿಶ್ ಕೂರಿಸುವಾಗ ಅದೇ ಉಪಗ್ರಹಕ್ಕೆ ಕೋನ ಕೊಂಚ ಬದಲಾಗುವುದರಿಂದ, ಸಿಗ್ನಲ್ ಮೀಟರ್ ಇರುವ ತಂತ್ರಜ್ಞರನ್ನೇ ಕರೆಸಿರಿ.