ಬೀಳುತ್ತಾರೆಂದು ಕೂರಿಸಿಡಬೇಡಿ

ಶಿರಸಿ ತಾಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರಾಂಶ: ಅತ್ತೆಗೆ 76 ವರ್ಷ. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿ. ಹೋದ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಕೋಣೆ ಬಿಟ್ಟು ಬರುತ್ತಿಲ್ಲ. ಸೀರೆಯ ನೆರಿಗೆ ಕಾಲಿಗೆ ತೊಡರುತ್ತದೆ ಎನ್ನುತ್ತಾರೆ. ಒಂದು ವರ್ಷದಲ್ಲಿ ತೂಕ 48ರಿಂದ 42 ಕಿಲೋಗೆ ಇಳಿದಿದೆ. ವಾರಕ್ಕೊಂದು ಎಲುಬಿನ ಮಾತ್ರೆ ಕೊಟ್ಟಿದ್ದರು. ಬೆಳಗಿನ ಚಹಾ ಆದಮೇಲೆ ಉಳಿದೆಲ್ಲ ಮಾತ್ರೆಯ ಜತೆ ನುಂಗಿ ಮಲಗುತ್ತಿದ್ದರು. ಎದೆಯುರಿ ಬಂತೆಂದು ಬಿಟ್ಟರು. ಕ್ಯಾಲ್ಸಿಯಂನಿಂದ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅದೂ ನಿಂತಿದೆ. ಎಚ್‌ಬಿಎ1ಸಿ 6.3 (ಮೂರು ತಿಂಗಳ ಸಕ್ಕರೆಯ ಸರಾಸರಿ), ಕ್ರಿಯಾಟಿನಿನ್ 1.0 (ಕಿಡ್ನಿಯ ರಕ್ತಪರೀಕ್ಷೆ), ಎರಡೂ ಚೆನ್ನಾಗಿದೆ ಎಂದು ಹೇಳಿದ್ದಾರೆ. ದಿನಕ್ಕೆ ಹನ್ನೊಂದು ಮಾತ್ರೆ. “ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂತಾರೆ. ಇನ್ನೊಮ್ಮೆ ಬೀಳದಂತೆ ಕೂರಿಸಿಡುವುದೇ ಒಳ್ಳೆಯದಲ್ಲವೇ?”

ಪ್ರಿಯ ಸಹೋದರಿ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಅಲ್ಲ. ಕೂರಿಸಿಟ್ಟರೆ ಅತ್ತೆಯವರು ಮತ್ತೆ ಬೀಳುವ ದಿನ ಹತ್ತಿರವಾಗುತ್ತದೆ. ಹತ್ತು ದಿನ ಹಾಸಿಗೆ ಹಿಡಿದರೆ ಗಟ್ಟಿಮುಟ್ಟಾಗಿದ್ದ ವೃದ್ಧರಿಗೂ ಕಾಲಿನ ಸ್ನಾಯು ಸುಮಾರು ಒಂದು ಕಿಲೋ ಕರಗಬಹುದು. ನಿಮ್ಮ ಅತ್ತೆ ತಿಂಗಳುಗಟ್ಟಲೆ ಕೋಣೆಯಲ್ಲಿದ್ದಾರೆ. ಎಲುಬು ಎಷ್ಟು ಸವೆದಿದೆ ಎಂಬ ಚಿಂತೆ ಸರಿಯೇ. ಆದರೆ ಎಲುಬು ಮುರಿಯುವುದು ಬಿದ್ದಾಗ, ಬೀಳುವುದು ತೊಡೆಯಲ್ಲಿ ಬಲವಿಲ್ಲದಾಗ.

ವೃದ್ಧರ ನಿತ್ರಾಣವನ್ನು ಗುರುತಿಸಲು ಅಮೆರಿಕದ ವೈದ್ಯೆ ಲಿಂಡಾ ಫ್ರೈಡ್ ಮತ್ತು ಸಂಗಡಿಗರು 2001ರಲ್ಲಿ ಐದು ಲಕ್ಷಣ ಹೇಳಿದರು. ಪ್ರಯತ್ನಪಡದೆ ತೂಕ ಇಳಿಯುವುದು, ಸದಾ ಸುಸ್ತು, ಹಿಡಿತದಲ್ಲಿ ಬಲವಿಲ್ಲದಿರುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರಿದ್ದರೆ ಅದು ಬರೀ ವಯಸ್ಸಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ನಡಿಗೆಯನ್ನು ಮನೆಯಲ್ಲೇ ಅಳೆಯಬಹುದು. ಜಗಲಿಯ ಮೇಲೆ ಟೇಪು ಹಿಡಿದು ನಾಲ್ಕು ಮೀಟರಿಗೆ ಗುರುತು ಹಾಕಿ, ಅವರ ಸಹಜ ನಡಿಗೆಯಲ್ಲಿ ನಡೆಯಲು ಹೇಳಿ, ಮೊಬೈಲಿನಲ್ಲಿ ಸಮಯ ನೋಡಿ. ಐದು ಸೆಕೆಂಡು ಮೀರಿದರೆ ನಡಿಗೆ ನಿಧಾನವಾಗಿದೆ. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ, ಕೈ ಎದೆಗೆ ಕಟ್ಟಿಕೊಂಡು, ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ತೊಡೆಯಲ್ಲಿ ಬಲ ಸಾಲದು. ಎರಡೂ ಅಂಕಿಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ.

ವರ್ಷದಲ್ಲಿ ಆರು ಕಿಲೋ ಇಳಿದಿದ್ದನ್ನು ಮಾತ್ರ ಲಘುವಾಗಿ ತೆಗೆದುಕೊಳ್ಳಬೇಡಿ. 48 ಕಿಲೋದ ಮೈಯಲ್ಲಿ ಅದು ಎಂಟನೇ ಒಂದು ಪಾಲು. ಊಟ ಸರಿಮಾಡುವುದರ ಜತೆಗೇ ಕಾರಣವನ್ನೂ ಹುಡುಕಬೇಕು: ಹಿಮೋಗ್ಲೋಬಿನ್, ಇಎಸ್‌ಆರ್, ಥೈರಾಯ್ಡ್, ಕ್ಯಾಲ್ಸಿಯಂ, ಬಿ12, ಎದೆಯ ಎಕ್ಸ್‌ರೇ. ಸಕ್ಕರೆ ಕಾಯಿಲೆಯವರಲ್ಲಿ ಕ್ಷಯ ಸದ್ದಿಲ್ಲದೆ ಬರುವುದುಂಟು. ಎಲುಬಿನ ಸವೆತ, ರಕ್ತಹೀನತೆ, ಕಿಡ್ನಿಯ ತೊಂದರೆ ಮೂರೂ ಒಟ್ಟಿಗೆ ಕಂಡರೆ ಮಜ್ಜೆಯ ಕ್ಯಾನ್ಸರಾದ ಮೈಲೋಮಾ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಬಾಯಿಯೊಳಗೂ ನೋಡಿ. ಹಲ್ಲುಸೆಟ್ಟು ಸಡಿಲವಾಗಿ ಅಗಿಯಲಾಗದವರು ಗಂಜಿಗೆ ಇಳಿಯುತ್ತಾರೆ, ಯಾರಿಗೂ ಹೇಳುವುದಿಲ್ಲ.

ಸೀರೆಯ ನೆರಿಗೆಯ ಮಾತನ್ನು ನೀವು ಪತ್ರದಲ್ಲಿ ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಅದೇ ದೊಡ್ಡ ಸುಳಿವಾಗಿ ಕಂಡಿತು. ಬದುಕಿಡೀ ಅದೇ ಅಳತೆಗೆ ಉಟ್ಟವರಿಗೆ ಈಗ ನೆರಿಗೆ ನೆಲ ಮುಟ್ಟುತ್ತಿದೆಯೆಂದರೆ ಎತ್ತರ ಕುಗ್ಗಿರಬಹುದು. ಬೆನ್ನುಮೂಳೆಯ ಮಣಿಗಳು ಬೀಳದೆಯೂ ಮುರಿದು ಚಪ್ಪಟೆಯಾಗುತ್ತವೆ. ಎಷ್ಟೋ ಸಲ ನೋವೂ ಇರುವುದಿಲ್ಲ, ಬೆನ್ನು ಬಾಗುತ್ತದೆ ಅಷ್ಟೆ. ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ವಯಸ್ಸಿದ್ದಾಗಿನದಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆಯಿದ್ದರೆ ಬೆನ್ನಿನ ಎಕ್ಸ್‌ರೇಯನ್ನು ಪಕ್ಕದಿಂದ ತೆಗೆಸಬೇಕು. ಮಣಿ ಮುರಿದಿದ್ದು ಕಂಡರೆ, ಬೇರೆ ಕಾರಣವಿಲ್ಲವೆಂದಾದ ಮೇಲೆ, ಆಸ್ಟಿಯೊಪೊರೋಸಿಸ್ (ಎಲುಬಿನ ಸವೆತ) ಎನ್ನಲು ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿಗೆ ಕಾಯಬೇಕಿಲ್ಲ. ಡೆಕ್ಸಾ ಮಾಡಿಸುವುದಾದರೆ ಸಾಂದ್ರತೆಯ ಅಂಕಿಯಾದ ಟಿ-ಸ್ಕೋರ್ -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ರೋಗವೆಂದು ಲೆಕ್ಕ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಸಾಂದ್ರತೆ ಚೆನ್ನಾಗಿ ಕಂಡರೂ ಎಲುಬು ಮುರಿಯುತ್ತದೆ. ಹಾಗಾಗಿ ಸ್ಕೋರ್ ಒಂದನ್ನೇ ನಂಬಿ ಸುಮ್ಮನಾಗಬೇಡಿ. ನೆರಿಗೆಯನ್ನು ಇವತ್ತೇ ಎರಡು ಇಂಚು ಮೇಲೆ ಕಟ್ಟಿಸಿ, ಇಲ್ಲವೇ ನೈಟಿ ಹಾಕಿಸಿ.

ಈಗ ಬಿಟ್ಟುಹೋದ ಆ ವಾರದ ಮಾತ್ರೆ. ನಿಮ್ಮ ವಿವರಣೆ ನೋಡಿದರೆ ಅದು ಅಲೆಂಡ್ರೊನೇಟ್ 70 ಮಿಲಿಗ್ರಾಂ ಇರಬೇಕು. ಮಾತ್ರೆಯ ಪಟ್ಟಿಯ ಮೇಲೆ ಹೆಸರು ನೋಡಿ. ಅದನ್ನು ಬೆಳಿಗ್ಗೆ ಎದ್ದೊಡನೆ, ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜತೆ ನುಂಗಿ, ಕನಿಷ್ಠ ಅರ್ಧ ಗಂಟೆ ಕೂತೋ ನಿಂತೋ ಇರಬೇಕು. ಚಹಾ, ಹಾಲು, ಬೇರೆ ಮಾತ್ರೆ ಎಲ್ಲವೂ ಆಮೇಲೆ. ಚಹಾದ ಜತೆ ಹೋದರೆ ಅದು ಮೈಗೆ ಹತ್ತುವುದೇ ಇಲ್ಲ. ನುಂಗಿ ಮಲಗಿದರೆ ಅನ್ನನಾಳಕ್ಕೆ ಅಂಟಿಕೊಂಡು ಸುಡುತ್ತದೆ. ಅತ್ತೆಯವರಿಗೆ ಉರಿಯೂ ಬಂತು, ಗುಣವೂ ಆಗಲಿಲ್ಲ. ಮಾತ್ರೆ ಕೊಡುವಾಗ ಈ ನಾಲ್ಕು ಮಾತು ಹೇಳದೆ ಕಳಿಸುವುದು ದೊಡ್ಡ ಅನ್ಯಾಯ.

ಆದರೆ ಅದನ್ನೇ ಮತ್ತೆ ಶುರುಮಾಡುವ ಮೊದಲು ಇನ್ನೊಂದು ಲೆಕ್ಕವಿದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸ್ನಾಯುವೇ ಇಲ್ಲದ ಮೈಯಲ್ಲಿ ಕಿಡ್ನಿ ಸೋತಿದ್ದರೂ 1.0 ಎಂದೇ ಬರುತ್ತದೆ. 140ರಿಂದ ವಯಸ್ಸು 76 ಕಳೆಯಿರಿ, 64 ಉಳಿಯಿತು. ಅದನ್ನು ತೂಕ 42ರಿಂದ, ಹೆಂಗಸಾದ್ದರಿಂದ ಮತ್ತೆ 0.85ರಿಂದ ಗುಣಿಸಿ, 72ರಿಂದಲೂ ಕ್ರಿಯಾಟಿನಿನ್‌ನಿಂದಲೂ ಭಾಗಿಸಿ. ಸುಮಾರು 32 ಬರುತ್ತದೆ. ಇದು ಕಿಡ್ನಿ ರಕ್ತ ಸೋಸುವ ಶಕ್ತಿಯ ಅಂದಾಜು. 35ಕ್ಕಿಂತ ಕೆಳಗಿದ್ದರೆ ಅಲೆಂಡ್ರೊನೇಟ್ ಸಾಮಾನ್ಯವಾಗಿ ಕೊಡುವುದಿಲ್ಲ. ವರ್ಷಕ್ಕೊಮ್ಮೆ ನರಕ್ಕೆ ಹಾಕುವ ಜೋಲೆಡ್ರೊನಿಕ್ ಆಮ್ಲದ ಡ್ರಿಪ್ಪೂ ಆಗದು. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ವೈದ್ಯರ ಮುಂದಿಡಿ. ಅವರು ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮ್ಯಾಬ್ 60 ಮಿಲಿಗ್ರಾಂ ಇಂಜೆಕ್ಷನ್ ಸೂಚಿಸಬಹುದು. ಒಳ್ಳೆಯ ಔಷಧ, ಆದರೆ ಎರಡು ಷರತ್ತು. ಶುರುವಿಗೆ ಮೊದಲು ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ ಸರಿಯಿರಬೇಕು, ಇಲ್ಲವಾದರೆ ಕ್ಯಾಲ್ಸಿಯಂ ದಿಢೀರ್ ಕುಸಿಯುತ್ತದೆ. ಒಮ್ಮೆ ಹಿಡಿದ ಮೇಲೆ ಕೊಯ್ಲು, ಮದುವೆ ಎಂದು ತಪ್ಪಿಸಬಾರದು. ತಡವಾದರೆ ತಡೆಹಿಡಿದಿದ್ದ ಸವೆತ ಒಮ್ಮೆಲೇ ನುಗ್ಗಿ ಬೆನ್ನಿನ ಮಣಿಗಳು ಸಾಲಾಗಿ ಮುರಿಯುವುದುಂಟು. ಹುಳುಕು ಹಲ್ಲು ಕೀಳಿಸುವುದಿದ್ದರೆ ಇಂಜೆಕ್ಷನ್ನಿಗೆ ಮೊದಲೇ ಕೀಳಿಸಿ.

ಕ್ಯಾಲ್ಸಿಯಂನ ಹೆದರಿಕೆ ಬಿಡಿ. ಊಟದ ಕ್ಯಾಲ್ಸಿಯಂ ಕಲ್ಲು ತರುವುದಿಲ್ಲ. ಕಲ್ಲು ಕಟ್ಟಿಸುವ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಹೊರಗೆ ಹಾಕುವುದರಿಂದ ಕಲ್ಲಿನ ಸಂಭವ ಕಡಿಮೆಯೇ ಆಗುತ್ತದೆ. ಮಾತ್ರೆಯನ್ನು ಬರಿಹೊಟ್ಟೆಯಲ್ಲಿ, ಬೇಕಾದ್ದಕ್ಕಿಂತ ಹೆಚ್ಚು ತಿಂದಾಗ ಮಾತ್ರ ಸ್ವಲ್ಪ ಅಪಾಯ. ಈ ವಯಸ್ಸಿನ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು. ಎರಡು ಲೋಟ ಹಾಲು-ಮೊಸರಿನಲ್ಲಿ 480ರ ಆಸುಪಾಸು, 50 ಗ್ರಾಂ ರಾಗಿಹಿಟ್ಟಿನ ಅಂಬಲಿಯಲ್ಲಿ 170-180, ಒಂದು ದೊಡ್ಡ ಚಮಚ ಸಿಪ್ಪೆಸಹಿತ ಎಳ್ಳಿನ ಚಟ್ನಿಪುಡಿಯಲ್ಲಿ ನೂರಕ್ಕೆ ಕಮ್ಮಿಯಿಲ್ಲ. ಕೊರತೆ ಬಿದ್ದದ್ದಕ್ಕೆ 500ರ ಒಂದು ಮಾತ್ರೆ, ಊಟವಾದ ತಕ್ಷಣ. ಥೈರಾಯ್ಡ್ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರವಿರಲಿ.

ವಿಟಮಿನ್ ಡಿ ವಿಷಯದಲ್ಲಿ ನಮ್ಮ ಕಡೆ ಒಂದು ಅಡಚಣೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಇಲ್ಲ, ಉಳಿದ ಕಾಲದಲ್ಲೂ ತೋಟದ ನೆರಳಿನ ಮನೆ. 60,000 ಯೂನಿಟ್ಟಿನ ಪುಡಿ ಅಥವಾ ಗುಳಿಗೆ ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು, ಇದು ವೈದ್ಯರು ಸಾಮಾನ್ಯವಾಗಿ ಬರೆಯುವ ಕ್ರಮ. ದಿನಕ್ಕೊಂದೆಂದು ತಪ್ಪು ತಿಳಿದು ತಿಂದವರಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಗೊಂದಲ, ಕೊನೆಗೆ ಕಿಡ್ನಿಗೇ ಪೆಟ್ಟು. ಪೊಟ್ಟಣದ ಮೇಲೆ ‘ಸೋಮವಾರ’ ಎಂದು ಬರೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ.

ಊಟಕ್ಕೆ ಬರೋಣ. ಬೆಳಿಗ್ಗೆ ತೆಳ್ಳೇವು, ಮಧ್ಯಾಹ್ನ ಅನ್ನ-ತಂಬುಳಿ, ರಾತ್ರಿ ಗಂಜಿ-ಮಿಡಿ ಉಪ್ಪಿನಕಾಯಿ. ವೃದ್ಧರಿಗೆ ಇದು ಹಗುರ ಎಂದು ನಾವು ಪ್ರೀತಿಯಿಂದಲೇ ಬಡಿಸುತ್ತೇವೆ. ಇಡೀ ದಿನದ ಪ್ರೋಟೀನ್ 20-25 ಗ್ರಾಂ ದಾಟುವುದು ಕಷ್ಟ. ಬೇಕಿರುವುದು ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ, ಅಂದರೆ ಅತ್ತೆಯವರಿಗೆ 42-50. ತಂಬುಳಿ, ಅಪ್ಪೆಹುಳಿ ಇರಲಿ, ಅದರಿಂದ ಬಾಯಿ ರುಚಿ ಬರುತ್ತದೆ. ಆದರೆ ಅದಕ್ಕಿಂತ ಮೊದಲು 30 ಗ್ರಾಂ ಬೇಳೆಯ ಗಟ್ಟಿ ತೊವ್ವೆ ಬೀಳಲಿ (7 ಗ್ರಾಂ). ಬೆಳಿಗ್ಗೆ ಒಂದು ಲೋಟ ಹಾಲು (6), ಸಂಜೆ ಮೆತ್ತಗೆ ಬೇಯಿಸಿದ ಹೆಸರುಕಾಳಿನ ಉಸಳಿ (7), ರಾತ್ರಿ ಗಂಜಿಗೆ ನೀರುಮಜ್ಜಿಗೆ ಬದಲು ಒಂದು ಬಟ್ಟಲು ಗಟ್ಟಿ ಮೊಸರು (5), ಅಗಿಯಲಾಗದಿದ್ದರೆ ಹುರಿದು ಪುಡಿಮಾಡಿದ ಶೇಂಗಾ ಒಂದು ಹಿಡಿ (6). ಒಂದೇ ಹೊತ್ತಿಗೆ ಸುರಿಯದೆ ಮೂರು ಹೊತ್ತಿಗೂ ಹಂಚಿ. ಅಂಕೋಲೆ-ಕಾರವಾರದ ಓದುಗರಿಗೆ ದಾರಿ ಇನ್ನೂ ಸುಲಭ: ನೂರು ಗ್ರಾಂ ಮೀನಿನಲ್ಲಿ ಹದಿನೆಂಟು-ಇಪ್ಪತ್ತು ಗ್ರಾಂ ಪ್ರೋಟೀನ್, ಸಣ್ಣ ಮೀನನ್ನು ಮುಳ್ಳುಸಹಿತ ತಿಂದರೆ ಕ್ಯಾಲ್ಸಿಯಂ ಕೂಡ. ಒಣಮೀನು ಮತ್ತು ಮಿಡಿ ಉಪ್ಪಿನಕಾಯಿ ಮಾತ್ರ ಬಿಪಿಯವರಿಗೆ ಹಿತಮಿತ. ಕಿಡ್ನಿ ತೀರಾ ಸೋತಿದೆ ಎಂದು ವೈದ್ಯರು ಹೇಳಿದರೆ ಪ್ರೋಟೀನಿನ ಪ್ರಮಾಣ ಅವರೇ ಗೊತ್ತುಮಾಡಬೇಕು.

ಎಚ್‌ಬಿಎ1ಸಿ 6.3 ಎಂಬುದು ನನಗೆ ಸಮಾಧಾನ ತರಲಿಲ್ಲ, ದಿಗಿಲು ತಂದಿತು. ಇಷ್ಟು ನಿತ್ರಾಣವಿರುವವರಿಗೆ 8ರ ಒಳಗಿದ್ದರೆ ಸಾಕು. ತೂಕ ಇಳಿದು, ಊಟ ಕಡಿಮೆಯಾಗಿ, ಮಾತ್ರೆ ಮಾತ್ರ ಹಳೆಯ ಪ್ರಮಾಣದಲ್ಲೇ ಇದ್ದರೆ ಸಕ್ಕರೆ ಆಗಾಗ ತೀರಾ ಇಳಿಯುತ್ತಿರಬಹುದು, ಅದರಲ್ಲೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತಿನ್ನುವವರಲ್ಲಿ. ವೃದ್ಧರಿಗೆ ಬೆವರು-ನಡುಕ ಬರದೆ ಬರೀ ಮಂಕು, ತೂರಾಟ ಬರಬಹುದು. ಗ್ಲುಕೋಮೀಟರಿನಲ್ಲಿ ಒಂದು ವಾರ ಬೆಳಿಗ್ಗೆ ತಿಂಡಿಗೆ ಮೊದಲು, ಎರಡು ರಾತ್ರಿ ಮೂರು ಗಂಟೆಗೆ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಅದೇ ದಿನ ವೈದ್ಯರಿಗೆ ತಿಳಿಸಿ.

ಬಿಪಿಯನ್ನು ಕೂತಾಗ ಮಾತ್ರ ನೋಡಿದರೆ ಸಾಲದು. ಐದು ನಿಮಿಷ ಮಲಗಿಸಿ ನೋಡಿ, ಎಬ್ಬಿಸಿ ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ರಾತ್ರಿ ಮೂತ್ರಕ್ಕೆ ಎದ್ದಾಗ ಬೀಳುವುದಕ್ಕೆ ಅದೇ ಕಾರಣವಾಗಬಹುದು. ಹನ್ನೊಂದೂ ಮಾತ್ರೆಗಳನ್ನು, ಕಷಾಯ-ಚೂರ್ಣ ಸೇರಿಸಿ, ಒಂದು ಚೀಲದಲ್ಲಿ ಹಾಕಿ ಒಬ್ಬರೇ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಗೋ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಗೋ ಹೋಗಿ, ಒಬ್ಬರು ಎಲ್ಲವನ್ನೂ ಒಟ್ಟಿಗೆ ನೋಡುವುದು ಮುಖ್ಯ. ನಿದ್ದೆಗೆಂದು ಆಲ್‌ಪ್ರಜೋಲಮ್, ನೆಗಡಿಯ ಮಾತ್ರೆ, ವರ್ಷಗಟ್ಟಲೆ ನಡೆದ ಗ್ಯಾಸ್ ಮಾತ್ರೆ, ಮಂಡಿನೋವಿಗೆ ಡೈಕ್ಲೊಫೆನಾಕ್, ಹೆಸರಿಲ್ಲದ ಪುಡಿ (ಇಂಥದರಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು), ಇವು ಬೇಕೇ ಎಂದು ಒಂದೊಂದನ್ನೂ ಕೇಳಿ. ನಿದ್ದೆ ಮಾತ್ರೆ ಮತ್ತು ಸ್ಟಿರಾಯ್ಡನ್ನು ನೀವಾಗಿ ಥಟ್ಟನೆ ನಿಲ್ಲಿಸಬೇಡಿ.

ಇನ್ನು ಎಬ್ಬಿಸುವ ಕೆಲಸ. ಕುರ್ಚಿಯ ಮೇಲೆ ಕಂಬಳಿ ಮಡಿಸಿ ಹಾಕಿ ಎತ್ತರ ಮಾಡಿ. ಎತ್ತರದಿಂದ ಏಳುವುದು ಸುಲಭ. ಐದು ಸಲ ಎದ್ದು ಕೂತು, ಎರಡು ನಿಮಿಷ ಸುಧಾರಿಸಿಕೊಂಡು, ಇನ್ನೈದು. ನಿಧಾನವಾಗಿ ಕೂರುವುದು ಏಳುವುದಕ್ಕಿಂತ ಹೆಚ್ಚು ಬಲ ಕೊಡುತ್ತದೆ, ದೊಪ್ಪೆಂದು ಕುಕ್ಕರಿಸಬಾರದು. ಹತ್ತು ಸಲ ಸಲೀಸಾದರೆ ಕಂಬಳಿಯ ಒಂದು ಮಡಿಕೆ ತೆಗೆಯಿರಿ. ಆಮೇಲೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಒಂದು ಪಾದದ ಮುಂದೆ ಇನ್ನೊಂದಿಟ್ಟು ಹತ್ತು ಸೆಕೆಂಡು ನಿಲ್ಲುವುದು, ನೀವು ಪಕ್ಕದಲ್ಲಿ ನಿಂತಿರಬೇಕು. ವಾರಕ್ಕೆ ಮೂರು ದಿನ, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ. ಉಳಿದ ದಿನ ಜಗಲಿಯಲ್ಲಿ ನಡಿಗೆ. ಬರೀ ನಡಿಗೆಯಿಂದ ಸ್ನಾಯು ಬೆಳೆಯುವುದಿಲ್ಲ, ಕುರ್ಚಿಯನ್ನು ಬಿಡಬೇಡಿ. ಬೆನ್ನಿನ ಮಣಿ ಮುರಿದಿದ್ದರೆ ಮುಂದಕ್ಕೆ ಬಾಗುವ, ತಿರುಚುವ ಆಸನ ಯಾವುದೂ ಬೇಡ. ನೆಲದಿಂದ ಕೊಡಪಾನ ಎತ್ತುವುದೂ ಬೇಡ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ.

ಮಳೆ ಹಿಡಿಯುವ ಮೊದಲು ಅಂಗಳದ ಹಾವಸೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ. ಅಡಿಕೆ ದಬ್ಬೆ ಹಾಸುವುದಾದರೆ ಅಲುಗದಂತೆ ಕಟ್ಟಿ, ನೆನೆದು ಲೋಳೆಯಾದದ್ದನ್ನು ತೆಗೆದುಹಾಕಿ. ಬಚ್ಚಲಲ್ಲಿ ಕಮೋಡಿನ ಪಕ್ಕ ಗೋಡೆಗೆ ಸ್ಟೀಲ್ ಹಿಡಿಕೆ, ಕಲ್ಲುಗೋಡೆಗೆ ಆಂಕರ್ ಬೋಲ್ಟ್ ಹಾಕಿಯೇ ಕೂರಿಸಬೇಕು. ಟವೆಲ್ ರಾಡ್ ಮೈಭಾರ ತಡೆಯುವುದಿಲ್ಲ, ಹಿಡಿದವರ ಜತೆಗೇ ಕಿತ್ತುಬರುತ್ತದೆ. ಸವೆದ ಹವಾಯಿ ಚಪ್ಪಲಿ ಎಸೆದು ಹಿಂದೆ ಪಟ್ಟಿಯಿರುವುದನ್ನು ಕೊಡಿಸಿ. ಹೊಸ್ತಿಲ ಅಂಚಿಗೆ ಹಳದಿ ಬಣ್ಣ ಬಳಿಯಿರಿ, ಕಣ್ಣಿನ ಪೊರೆ ತೋರಿಸಿ. ಕರೆಂಟು ಹೋಗುವ ರಾತ್ರಿಗಳಿಗೆ ದಿಂಬಿನ ಪಕ್ಕ ಟಾರ್ಚ್ ಇರಲಿ.

ಇಷ್ಟಾದರೂ ಬಿದ್ದರೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ, ಕಾಲು ಎತ್ತಲಾಗದಿದ್ದರೆ ಸೊಂಟದ ಎಲುಬು ಮುರಿದಿದೆಯೆಂದೇ ತಿಳಿಯಿರಿ. ಎಣ್ಣೆ ಹಚ್ಚಿ ನೀವುವುದು, ಎಳೆಯುವುದು, ಕಟ್ಟು ಹಾಕಿಸುವುದು ಬೇಡ. ಎರಡು ಕಾಲಿನ ನಡುವೆ ದಿಂಬಿಟ್ಟು ಸಡಿಲವಾಗಿ ಕಟ್ಟಿ, ಹಲಗೆ ಅಥವಾ ಕಂಬಳಿಯ ಮೇಲೆ ಸಾಗಿಸಿ, 108ಕ್ಕೆ ಫೋನ್ ಮಾಡಿ. ಆಪರೇಷನ್ ಎರಡು ದಿನದೊಳಗೆ ಆದರೆ ಮತ್ತೆ ನಡೆಯುವ ಆಸೆ ಚೆನ್ನಾಗಿರುತ್ತದೆ. ತಡವಾದಷ್ಟೂ ನ್ಯುಮೋನಿಯಾ, ಬೆನ್ನುಹುಣ್ಣು. ನಮ್ಮ ಜಿಲ್ಲೆಯಲ್ಲಿ ಘಟ್ಟದ ರಸ್ತೆ ಮಳೆಗಾಲದಲ್ಲಿ ಯಾವಾಗ ಬಂದ್ ಆಗುತ್ತದೆಂದು ಹೇಳಲಾಗದು. ಹುಬ್ಬಳ್ಳಿಯೋ ಕಾರವಾರವೋ ಮಣಿಪಾಲವೋ, ಯಾವ ಆಸ್ಪತ್ರೆಗೆ ಯಾವ ದಾರಿಯಲ್ಲಿ ಹೋಗುವುದೆಂದು ಮೇ ತಿಂಗಳೊಳಗೆ ಮನೆಮಂದಿ ಕೂತು ತೀರ್ಮಾನಿಸಿ. ಆ ಆಸ್ಪತ್ರೆಯ ಫೋನ್ ನಂಬರನ್ನೂ ಮಾತ್ರೆಗಳ ಪಟ್ಟಿಯನ್ನೂ ಒಂದೇ ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.

ಸಂಪಾದಕ