ಫೋನಿನಲ್ಲಿ ಸೆಮಿನಾರ್: ಸ್ಲೈಡ್ ಇಟ್ಕೊಂಡು ಏನು ಮಾಡಲಿ?

ಪ್ರಶ್ನೆ: ನಾನು ಪಶುವೈದ್ಯೆ. ನಮ್ಮ ಕಡೆಯ ಹಾಲಿನ ಸೊಸೈಟಿ ಕಾರ್ಯದರ್ಶಿಗಳಿಗೆ ಕಾಲುಬಾಯಿ ಲಸಿಕೆ ಬಗ್ಗೆ ಒಂದು ಗಂಟೆ ಮಾತಾಡಬೇಕು. ಮಳೆಗೆ ನೆಟ್ ನಿಲ್ಲಲ್ಲ ಅಂತ ಫೋನ್ ಕಾನ್ಫರೆನ್ಸ್ ಇಟ್ಟಿದ್ದಾರೆ. ಮೂವತ್ತು ಸ್ಲೈಡ್ ಮಾಡಿಟ್ಟಿದ್ದೆ. ಈಗೇನು ಮಾಡಲಿ? ಬರೆದುಕೊಂಡು ಓದಿಬಿಡಲಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಓದಬೇಡಿ. ರೇಡಿಯೊದಲ್ಲಿ ಫೋನ್-ಇನ್ ನಡೆಸಿದವಳು ನಾನು. ಓದುವ ದನಿಯನ್ನು ಕೇಳುಗರು ಥಟ್ಟನೆ ಹಿಡಿಯುತ್ತಾರೆ. ಮೊದಲ ಎರಡು ವಾಕ್ಯ, ಆಮೇಲೆ ಅಂಕಿಗಳು, ಇಷ್ಟನ್ನು ಮಾತ್ರ ಬರೆದಿಟ್ಟುಕೊಳ್ಳಿ.

ಸ್ಲೈಡ್‌ಗಳಲ್ಲಿ ನಿಜವಾಗಿ ಕಣ್ಣಿಗೆ ಬೇಕಾದದ್ದು ಎಷ್ಟು? ಬಾಯಿ ಹುಣ್ಣಿನದೊಂದು ಚಿತ್ರ, ಗೊರಸಿನದೊಂದು, ಲಸಿಕೆ ವೇಳಾಪಟ್ಟಿ. ಒಂದೇ ಹಾಳೆಯಲ್ಲಿ ನಂಬರ್ ಹಾಕಿ ಪ್ರಿಂಟ್ ಮಾಡಿಸಿ, ಹಿಂದಿನ ದಿನವೇ ಹಾಲಿನ ಗಾಡಿಯಲ್ಲಿ ಕಳಿಸಿಬಿಡಿ. ಅದು ಹೇಗೂ ಸೊಸೈಟಿ ಬಾಗಿಲಿಗೇ ಹೋಗುತ್ತದೆ, ಅಲ್ವಾ? ಮಾತಾಡುವಾಗ ‘ಎರಡನೇ ಚಿತ್ರ ನೋಡಿ’ ಅಂದರೆ ಸಾಕು.

ಅಂಕಿಗಳ ಬಗ್ಗೆ ಜಾಸ್ತಿ ಹೇಳಬೇಕು. ಮಾಮೂಲಿ ಫೋನ್ ಲೈನು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ದಾಟಿಸುತ್ತದೆ. ಸ, ಶ ಮೊಂಡಾಗುತ್ತವೆ. ಲೈನು ಸ್ವಲ್ಪ ಕೆಟ್ಟರೂ ಆರು, ಮೂರು, ನೂರು ಒಂದೇ ಥರ ಕೇಳುತ್ತವೆ. ‘ಆರು ತಿಂಗಳಿಗೊಮ್ಮೆ’ ಅಂತ ನಿಲ್ಲಿಸಬೇಡಿ, ‘ಅಂದರೆ ವರ್ಷಕ್ಕೆ ಎರಡು ಸಲ’ ಅಂತ ಸೇರಿಸಿ. ಕರುವಿಗೆ ನಾಲ್ಕು ತಿಂಗಳಿಗೆ ಮೊದಲ ಡೋಸ್, ಅದಾಗಿ ಒಂದು ತಿಂಗಳಿಗೆ ಬೂಸ್ಟರ್ ಅನ್ನುವುದನ್ನು ನಿಧಾನವಾಗಿ, ಎರಡು ಸಲ. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು ಅಂದಮೇಲೆ ‘ಫ್ರೀಜರ್‌ನಲ್ಲಿ ಇಡಬೇಡಿ, ಹೆಪ್ಪುಗಟ್ಟಿದರೆ ಕೆಟ್ಟಿತು’ ಅಂತಲೂ ಹೇಳಿ. ಡಿಗ್ರಿ ಮರೆತವರಿಗೂ ಫ್ರೀಜರ್ ನೆನಪಿರುತ್ತದೆ.

‘ಎಲ್ಲರಿಗೂ ಅರ್ಥ ಆಯ್ತಾ?’ ಅಂತ ಮಾತ್ರ ಕೇಳಬೇಡಿ. ಒಂದೋ ಮೌನ, ಇಲ್ಲಾ ಎಲ್ಲರೂ ಒಟ್ಟಿಗೆ ‘ಹ್ಞೂಂ ಮೇಡಂ’. ಊರಿನ ಹೆಸರು ಹಿಡಿದು ಕರೆಯಿರಿ: ‘ಆಗುಂಬೆಯವರು ಹೇಳಿ, ನಿಮ್ಮಲ್ಲಿ ಐಸ್ ಬಾಕ್ಸ್ ಇದೆಯಾ?’ ಒಬ್ಬರು ಬಾಯಿಬಿಟ್ಟರೆ ಉಳಿದವರೂ ಎಚ್ಚರಾಗುತ್ತಾರೆ. ಹತ್ತು ನಿಮಿಷಕ್ಕಿಂತ ಹೆಚ್ಚು ಒಬ್ಬರೇ ಮಾತಾಡಬೇಡಿ.

‘ಲಸಿಕೆ ಹಾಕಿಸಿದ್ರೆ ಹಾಲು ಇಳಿಯುತ್ತಾ?’ ಅಂತ ಕೇಳೇ ಕೇಳುತ್ತಾರೆ. ಅದನ್ನು ಕೊನೆಗಿಡದೆ ಅಲ್ಲಿಂದಲೇ ಶುರು ಮಾಡಿ. ಸ್ವಲ್ಪ ದಿನ ಕೊಂಚ ಇಳಿಯಬಹುದು, ರೋಗವೇ ಬಂದರೆ ಆಗುವ ನಷ್ಟದ ಮುಂದೆ ಅದು ಏನೂ ಅಲ್ಲ ಅಂತ ನೇರವಾಗಿ ಹೇಳಿ. ಅವರ ಮನಸ್ಸಿನಲ್ಲಿರುವುದೇ ಅದು. ಮೊದಲೇ ಉತ್ತರ ಸಿಕ್ಕರೆ ಮಿಕ್ಕಿದ್ದನ್ನು ಸಮಾಧಾನವಾಗಿ ಕೇಳುತ್ತಾರೆ.

ಶೀಟಿನ ಸೂರಿನಡಿ ಕೂರಬೇಡಿ, ಮಳೆ ಬಿದ್ದರೆ ನಿಮ್ಮ ದನಿ ಮುಗಿಯಿತು. ಸ್ಪೀಕರ್ ಬೇಡ, ವೈರಿನ ಇಯರ್‌ಫೋನ್ ಹಾಕಿ. ಮೊದಲೇ #43# ಒತ್ತಿ ಡಯಲ್ ಮಾಡಿದರೆ ಹೆಚ್ಚಿನ ಮೊಬೈಲುಗಳಲ್ಲಿ ಕಾಲ್ ವೇಟಿಂಗ್ ನಿಲ್ಲುತ್ತದೆ, ನಡುವೆ ಪೀಂ ಪೀಂ ಇರುವುದಿಲ್ಲ. ಕರೆಯನ್ನು ಯಾರೂ ಹೋಲ್ಡ್‌ಗೆ ಹಾಕದಂತೆ ಆರಂಭದಲ್ಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಅವರ ಫೋನಿನ ಹಾಡು ಎಲ್ಲರಿಗೂ ಕೇಳಿಸುತ್ತದೆ. ನಿಮ್ಮ ಲೈನೇ ಕಟ್ಟಾಗಬಹುದು. ಸಭೆ ನಡೆಸುವವರ ಕೈಯಲ್ಲೂ ಅದೇ ಹಾಳೆ ಇರಲಿ. ನೀವು ಮತ್ತೆ ಸೇರುವತನಕ ಅವರು ಪ್ರಶ್ನೆ ಬರೆದಿಟ್ಟುಕೊಳ್ಳಲಿ.